ಸುಣ್ಣದ ಕಲ್ಲಿನಲ್ಲಿ ಮೋಲ್ ಲೆಕ್ಕ

ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ವಿದ್ಯಾರ್ಥಿಗಳನ್ನು ಬಹಳವಾಗಿ ಕಂಗೆಡಿಸುವ ಭಾಗ ಮೋಲ್ ಲೆಕ್ಕ. ಡಜನ್ ಎಂದರೆ ಹನ್ನೆರಡು ಇದ್ದಂತೆ, ಮೋಲ್ ಎಂದರೆ ಕಣಗಳ ಒಂದು ನಿಗದಿತ ಎಣಿಕೆ; ಒಂದು ವಸ್ತುವಿನ ಸೂತ್ರದಲ್ಲಿರುವ ಪರಮಾಣು ರಾಶಿಗಳ ಮೊತ್ತ ಎಷ್ಟೋ, ಅದರ ಒಂದು ಮೋಲ್ ಅಷ್ಟು ಗ್ರಾಂ ತೂಗುತ್ತದೆ. ಸಮೀಕರಣವನ್ನು ಚೆನ್ನಾಗಿ ಸರಿದೂಗಿಸಬಲ್ಲವರೂ ಅದರಿಂದ ಗ್ರಾಂಗಳ ಲೆಕ್ಕಕ್ಕೆ ಬರುವಾಗ ತಡವರಿಸುತ್ತಾರೆ. ಸಮೀಕರಣದಲ್ಲಿರುವ ಅಂಕಿಗಳು ಏನನ್ನು ಎಣಿಸುತ್ತಿವೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನನಗೆ ಅನಿಸುತ್ತದೆ. ಇದನ್ನು ವಿವರಿಸಲು ಸುಣ್ಣದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಸುಣ್ಣದ ಕಲ್ಲೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ (CaCO₃). ಭಟ್ಟಿಯಲ್ಲಿ ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. ಕ್ಯಾಲ್ಸಿಯಂನ ಪರಮಾಣು ರಾಶಿ 40, ಕಾರ್ಬನ್‌ನದು 12, ಆಕ್ಸಿಜನ್‌ನದು 16. ಆದ್ದರಿಂದ ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ 40 + 12 + (3 × 16), ಅಂದರೆ 100 ಗ್ರಾಂ ತೂಗುತ್ತದೆ; ಸುಟ್ಟ ಮೇಲೆ 56 ಗ್ರಾಂ ಸುಣ್ಣ ಉಳಿದು 44 ಗ್ರಾಂ ಅನಿಲ ಹೋಗುತ್ತದೆ. ಕಲ್ಲು ಹಗುರವಾಗುವುದಕ್ಕೆ ಅದರಿಂದ ಬಿಡುಗಡೆಯಾಗುವ ಗಾಳಿಯೇ ಕಾರಣವೆಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಕ್ಕಡಿಯ ಆಧಾರದಿಂದಲೇ ತೋರಿಸಿದರು. ಪರಮಾಣು ರಾಶಿಗಳ ಪಟ್ಟಿ ಇನ್ನೂ ಹುಟ್ಟಿರದ ಕಾಲದಲ್ಲಿ ನಡೆದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ.

ಸುಟ್ಟ ಸುಣ್ಣಕ್ಕೆ ನೀರು ಸೇರಿದಾಗ ಅದು ಕುದಿಯುವಷ್ಟು ಬಿಸಿಯಾಗಿ ಅರಳುತ್ತದೆ. ಇದು ಬಹಿರುಷ್ಣಕವಾದ ಸಂಯೋಗ ಕ್ರಿಯೆ: 56 ಗ್ರಾಂ ಸುಣ್ಣಕ್ಕೆ 18 ಗ್ರಾಂ ನೀರು ಸೇರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಆ ಸುಣ್ಣ ನಿಧಾನವಾಗಿ ಗಾಳಿಯಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು, 18 ಗ್ರಾಂ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಮೂರು ಕ್ರಿಯೆಗಳಲ್ಲಿ ಎಲ್ಲಿಯೂ ಒಂದು ಗ್ರಾಂ ಕೂಡ ಕಳೆದುಹೋಗಿಲ್ಲ.

ಈ ಮೂರರ ಸಮೀಕರಣಗಳಲ್ಲೂ ಎಲ್ಲ ಗುಣಾಂಕಗಳು, ಅಂದರೆ ಸೂತ್ರಗಳ ಮುಂದಿನ ಅಂಕಿಗಳು, 1 ಆಗಿರುವುದರಿಂದ ಲೆಕ್ಕ ಸುಲಭ. ಹೈಡ್ರೋಕ್ಲೋರಿಕ್ ಆಮ್ಲ ಬಂದೊಡನೆ ಎಚ್ಚರ ಬೇಕಾಗುತ್ತದೆ. ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ಣವಾಗಿ ಕರಗಲು ಎರಡು ಮೋಲ್ ಆಮ್ಲ ಬೇಕು. ಇಲ್ಲಿರುವ ಎರಡು ಎಂಬ ಅಂಕಿ ಕಣಗಳ ಸಂಖ್ಯೆಗೆ ಸೇರಿದ್ದು. ಅದನ್ನು ನೇರವಾಗಿ ಗ್ರಾಂಗೆ ಅನ್ವಯಿಸಿ 100 ಗ್ರಾಂ ಕಲ್ಲಿಗೆ 200 ಗ್ರಾಂ ಆಮ್ಲ ಎಂದರೆ ತಪ್ಪಾಗುತ್ತದೆ, ಒಂದು ಮೋಲ್ ಆಮ್ಲ (HCl) 36.5 ಗ್ರಾಂ ತೂಗುವುದರಿಂದ ಬೇಕಾಗುವುದು 73 ಗ್ರಾಂ ಮಾತ್ರ. ಈಗ 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ, ಒಂದು ಲೀಟರಿಗೆ ಒಂದು ಮೋಲ್ ಸಾಂದ್ರತೆಯ 100 ಮಿಲಿಲೀಟರ್ ಆಮ್ಲವನ್ನು ಸುರಿಯೋಣ. ಎರಡೂ 0.1 ಮೋಲ್ ಇವೆ, ಸರಿಸಮವೆಂದು ತೋರುತ್ತದೆ. ಆದರೆ ಅಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಕೇಳುವುದು 0.2 ಮೋಲ್ ಆಮ್ಲವನ್ನು. ಹಾಗಾಗಿ ಆಮ್ಲವೇ ಮೊದಲು ಮುಗಿಯುತ್ತದೆ. 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಗೆಯೇ ಉಳಿದು, 2.2 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಬರುತ್ತದೆ. ಮೊದಲು ಮುಗಿಯುವ ಪ್ರತಿವರ್ತಕವನ್ನು ಗುರುತಿಸದೆ ಉತ್ಪನ್ನದ ಲೆಕ್ಕಕ್ಕೆ ಕೈಹಾಕಬಾರದೆಂದು ನಾನು ತರಗತಿಯಲ್ಲಿ ಪಟ್ಟುಹಿಡಿಯುವುದು ಇದೇ ಕಾರಣಕ್ಕೆ.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿಯೂ ಸುಣ್ಣದ ಕಲ್ಲು ಹೀಗೆಯೇ ವಿಭಜನೆಗೊಳ್ಳುತ್ತದೆ. ನೆಲದಿಂದ ತೆಗೆದ ಕಲ್ಲು ಅಪ್ಪಟವಾಗಿರುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಶೇ 90ರಷ್ಟಿದೆ ಎಂದು ಇಟ್ಟುಕೊಂಡರೆ, ಒಂದು ಟನ್ ಕಲ್ಲಿನಲ್ಲಿ ಲೆಕ್ಕಕ್ಕೆ ಸಿಗುವುದು 900 ಕಿಲೋ. ಅದರಿಂದ 504 ಕಿಲೋ ಕ್ಯಾಲ್ಸಿಯಂ ಆಕ್ಸೈಡ್ ಮತ್ತು 396 ಕಿಲೋ ಕಾರ್ಬನ್ ಡೈಆಕ್ಸೈಡ್ ದೊರೆಯುತ್ತವೆ. ಈ ಅನಿಲ ಕಲ್ಲಿನೊಳಗಿನಿಂದಲೇ ಬಂದದ್ದು. ಗೂಡನ್ನು ಕಾಯಿಸಲು ಉರಿಸಿದ ಕಲ್ಲಿದ್ದಲಿನಿಂದ ಬರುವುದು ಬೇರೆ. ಇಂಧನವನ್ನು ಬದಲಿಸಿ ಎರಡನೆಯದನ್ನು ತಗ್ಗಿಸಬಹುದು, ಆದರೆ ಸುಣ್ಣದ ಕಲ್ಲನ್ನು ಸುಡುವವರೆಗೆ ಮೊದಲನೆಯದು 56ಕ್ಕೆ 44ರಂತೆ ಬಂದೇ ತೀರುತ್ತದೆ. ಕಡಿಮೆ ಕಲ್ಲನ್ನು ಸುಡುವುದೊಂದೇ ಅಲ್ಲಿ ಉಳಿಯುವ ದಾರಿ. ಸುಟ್ಟ ಕಲ್ಲಿನ ಒಂದು ಪಾಲಿನ ಬದಲು ಸಿಮೆಂಟಿಗೆ ಹಾರುಬೂದಿಯನ್ನೂ (ಕಲ್ಲಿದ್ದಲು ಉರಿದು ಉಳಿಯುವ ನುಣುಪು ಬೂದಿ) ಊದುಕುಲುಮೆಯ ಕಿಟ್ಟವನ್ನೂ (ಕಬ್ಬಿಣ ತಯಾರಿಕೆಯಲ್ಲಿ ಉಳಿಯುವ ಕಸರು) ಬೆರೆಸಿದಾಗ ಆಗುವುದು ಅದೇ.