ಹದ್ದಿಗೆ ಎಷ್ಟು ಮಾರ್ಕ್ಸ್?

ಅಣ್ಣನ ಮಗಳಿಗೆ ನಾಳೆ ಕನ್ನಡ ಪರೀಕ್ಷೆ. ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಓದಿದೆವು. (ಮೇಷ್ಟ್ರು ಪಾಠ ಮಾಡಿದ್ದು ಪಕ್ಕದ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲೇ ಅಲ್ವಾ!) ನೋಟ್ಸ್‌ನಲ್ಲಿ ‘ರಣಹದ್ದು: ಸಾವಿನ ಸಂಕೇತ’ ಅಂತ ಹಸಿರು ಪೆನ್ನಲ್ಲಿ ಗೆರೆ ಎಳೆದಿದ್ದಳು.

ಅಷ್ಟೇನಾ? ಕಾದಂಬರಿಯ ದೂರ್ವಾಸಪುರದ ಅಗ್ರಹಾರದಲ್ಲಿ, ಆಚಾರ ಬಿಟ್ಟ ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಕೊಳೆಯುತ್ತಿದೆ. ಇಲಿಗಳು ಸಾಯುತ್ತಿವೆ. ಮನೆ ಮೇಲೆ ಹದ್ದು ಬಂದು ಕೂತರೆ ಬ್ರಾಹ್ಮಣರು ಶಂಖ ಊದಿ, ಜಾಗಟೆ ಬಡಿದು ಓಡಿಸುತ್ತಾರೆ. ಪೂಜೆಯ ಜಾಗಟೆ! ನನಗಂತೂ ಹದ್ದಿಗಿಂತ ಆ ಜಾಗಟೆಯೇ ಜಾಸ್ತಿ ಕೇಳಿಸುತ್ತೆ.

“ಚಿಕ್ಕಪ್ಪ, ಹಾಗೆ ಬರೆದರೆ ಮಾರ್ಕ್ಸ್ ಕೊಡ್ತಾರಾ?”

ಸುಮ್ನೆ ತಲೆ ಕೆರೆದುಕೊಂಡೆ. ಅಷ್ಟರಲ್ಲಿ ಹೆಜ್ಜಾರ್ಲೆಯೊಂದು ಧಪ್ ಅಂತ ನೀರಿಗಿಳಿಯಿತು. “ಇದು ಯಾವುದರ ಸಂಕೇತ?” ಅಂತ ನಕ್ಕಳು.