ಕ್ರಿಸ್ಮಸ್ ನಕ್ಷತ್ರಕ್ಕೆ ಕೂವೆಯ ಗಂಜಿ

ಕ್ರೋಶಾ ಕಡ್ಡಿಯಲ್ಲಿ ಹೆಣೆದ ಸಣ್ಣ ನಕ್ಷತ್ರವು ಗೋದಲಿಯ ಮೇಲೆ ನೆಟ್ಟಗೆ ನಿಲ್ಲುವುದೋ ಸೊರಗಿ ಜೋತುಬೀಳುವುದೋ ಎಂಬುದು ಹೆಣಿಗೆಗಿಂತ ಹೆಚ್ಚಾಗಿ ಅದಕ್ಕೆ ಹಾಕಿದ ಗಂಜಿಯನ್ನು ಅವಲಂಬಿಸಿದೆ. ಹೆಣೆಯುವ ಕ್ರಮವನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಗಂಜಿಯ ವಿಷಯ ಬಂದಾಗ ಮಾತ್ರ ಪೇಟೆಯ ಸ್ಪ್ರೇ ತಂದು ಹೊಡೆಯಿರಿ ಎಂದು ಮುಗಿಸಿಬಿಡುತ್ತಾರೆ. ಕಾಸರಗೋಡಿನ ಕುಂಬಳೆ, ಬೇಳ, ಬದಿಯಡ್ಕದ ಕಡೆಯ ನಮ್ಮ ಅಡುಗೆಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ವಸ್ತುವಾದ ಕೂವೆ ಹುಡಿ (ಆರಾರೂಟ್) ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕ್ರಿಸ್ಮಸ್ ಅಲಂಕಾರವೆಂದರೆ ಮಾದರಿ ಪುಸ್ತಕಗಳಲ್ಲಿ ಮೊದಲು ಕಾಣುವುದು ಆರು ಮೂಲೆಯ ಹಿಮದ ಹರಳು. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನವಾಗಿ ಜೋಡಣೆಗೊಳ್ಳುವುದರಿಂದ ಆ ಆರರ ಲೆಕ್ಕ ಬಂದಿದೆ, ಮತ್ತು ಅದು ನಿಜಕ್ಕೂ ಸುಂದರವಾದ ಆಕೃತಿ. ಆದರೂ ಅಂಗಳದಲ್ಲಿ ಅಡಿಕೆ ಒಣಗುವ ನಮ್ಮ ಡಿಸೆಂಬರಿಗೆ ನಾನು ನಕ್ಷತ್ರವನ್ನೇ ಮೊದಲು ಆರಿಸುತ್ತೇನೆ. ಮತ್ತಾಯನ ಸುವಾರ್ತೆಯಲ್ಲಿ ಜ್ಞಾನಿಗಳನ್ನು ಬೆತ್ಲೆಹೇಮಿಗೆ ಕರೆದೊಯ್ದದ್ದು ನಕ್ಷತ್ರವೇ. 1890ರಲ್ಲಿ ಕಟ್ಟಿದ ಗಾಥಿಕ್ ಶೈಲಿಯ ಬೇಳ ಚರ್ಚಿನ ಸುತ್ತಲಿನ ಮನೆಗಳಲ್ಲಿ ಹಬ್ಬದ ಮೊದಲ ಗುರುತಾಗಿ ಜಗಲಿಯಲ್ಲಿ ತೂಗುವುದೂ ಅದೇ.

ದಾರ ಹತ್ತಿಯದೇ ಆಗಿರಲಿ, ಏಕೆಂದರೆ ಉಣ್ಣೆ ಮತ್ತು ಅಕ್ರಿಲಿಕ್ ನೂಲುಗಳು ಗಂಜಿಯನ್ನು ಹತ್ತಿಯಷ್ಟು ಚೆನ್ನಾಗಿ ಹೀರುವುದಿಲ್ಲ. 20 ನಂಬರಿನ ಬಿಳಿ ದಾರಕ್ಕೆ 1.25 ಮಿ.ಮೀ. ಸ್ಟೀಲ್ ಕಡ್ಡಿ ಹೊಂದುತ್ತದೆ. ದಾರದ ಬಳೆಯೊಂದನ್ನು ಮಾಡಿಕೊಂಡು ಅದರೊಳಗೆ 15 ಡಬಲ್ ಕ್ರೋಶಾ ಹಾಕಿ ಸುತ್ತನ್ನು ಮುಚ್ಚಬೇಕು. 3 ಸರಪಳಿಗಳ ಆರಂಭವನ್ನು ಮೊದಲನೆಯ ಡಬಲ್ ಎಂದೇ ಎಣಿಸಬೇಕು. ಅನಂತರ 6 ಸರಪಳಿ ಹೆಣೆದು, ಕಡ್ಡಿಯಿಂದ ಎರಡನೆಯದರಿಂದ ತೊಡಗಿ ಅದೇ ಸರಪಳಿಯ ಮೇಲೆ ಗಿಡ್ಡದರಿಂದ ಎತ್ತರದ ಹೊಲಿಗೆಯ ಕಡೆಗೆ ಕ್ರಮವಾಗಿ ಒಂದು ಸಿಂಗಲ್, ಒಂದು ಹಾಫ್ ಡಬಲ್, ಎರಡು ಡಬಲ್, ಒಂದು ಟ್ರೆಬಲ್ ಹಾಕುತ್ತಾ ಹಿಂದಕ್ಕೆ ಬಂದರೆ ತುದಿ ಚೂಪಾಗಿ ಬುಡ ಅಗಲವಾದ ಒಂದು ಮೂಲೆ ಸಿದ್ಧವಾಗುತ್ತದೆ. ಸುತ್ತಿನ ಎರಡು ಹೊಲಿಗೆ ಬಿಟ್ಟು ಮೂರನೆಯದಕ್ಕೆ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ ಮುಂದಿನ ಮೂಲೆಗೆ ಹೋಗಬೇಕು. ಮೂರರಂತೆ ಐದು ಸಲ ಹೋದಾಗ ಹದಿನೈದೂ ಮುಗಿಯುತ್ತವೆ.

ಹಬ್ಬಕ್ಕೆ ಮೊದಲಿನ ನಾಲ್ಕು ಭಾನುವಾರಗಳ ಆಗಮನ ಕಾಲಕ್ಕೆ ಇನ್ನೂ ಸುಲಭವಾದುದೊಂದಿದೆ. ಹಳೆಯ ಲೋಹದ ಬಳೆಯ ಮೇಲೆ ಹಸಿರು ದಾರದಲ್ಲಿ ಸಿಂಗಲ್ ಕ್ರೋಶಾವನ್ನು ಒತ್ತೊತ್ತಾಗಿ ತುಂಬಿದರೆ ಪುಟ್ಟ ಹಸಿರು ಚಕ್ರವಾಗುತ್ತದೆ. ಅದಕ್ಕೆ ಮೂರು ನೇರಳೆ ಹೂ, ಮೂರನೆಯ ಭಾನುವಾರದ ಬಣ್ಣವಾದ ಗುಲಾಬಿಯಲ್ಲಿ ಒಂದು ಹೂ ಹೊಲಿದರೆ ಸಾಕು. ಒಳಗೆ ಬಳೆ ಇರುವುದರಿಂದ ಇದಕ್ಕೆ ಗಂಜಿಯೇ ಬೇಡ.

ನಕ್ಷತ್ರಕ್ಕೆ ಮಾತ್ರ ಬೇಕು. ನಮ್ಮಲ್ಲಿ ಗಂಜಿ ಎಂದೊಡನೆ ಕೈ ಹೋಗುವುದು ಕುಚ್ಚಿಲಕ್ಕಿಯ ತಿಳಿಯ ಕಡೆಗೆ, ಆದರೆ ಅದರ ಕೆಂಪು ಛಾಯೆ ಬಿಳಿ ದಾರಕ್ಕೆ ಹತ್ತುತ್ತದೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ತಿಳಿ ಆಗುತ್ತದೆ, ಅದರ ಹದ ಮಾತ್ರ ದಿನಕ್ಕೊಂದು ಬಗೆ. ಮೈದಾದ ಅಂಟು ಒಣಗಿದಾಗ ಹೊಲಿಗೆಗಳ ನಡುವೆ ಬಿಳಿ ಪೊರೆ ಉಳಿಸುತ್ತದೆ. ಇವೆಲ್ಲಕ್ಕಿಂತ ಮೇಲಾದದ್ದು ಮಕ್ಕಳಿಗೂ ಕಾಯಿಲೆಯವರಿಗೂ ಕಾಸಿ ಕೊಡುವ ಕೂವೆ ಹುಡಿ. ಒಂದು ಲೋಟ ತಣ್ಣೀರಿಗೆ ಎರಡು ಸಣ್ಣ ಚಮಚ ಹುಡಿ ಕದಡಿ, ಹಾಲಿನಂತಿದ್ದ ನೀರು ಪಾರದರ್ಶಕವಾಗುವವರೆಗೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಸಿನೀರಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ತಣಿದ ಮೇಲೆ ನಕ್ಷತ್ರಗಳನ್ನು ಪೂರ್ತಿ ಅದ್ದಿ, ಹಿಂಡದೆ ಬಟ್ಟೆಯ ನಡುವೆ ಒತ್ತಿ, ಪ್ಲಾಸ್ಟಿಕ್ ಹಾಸಿದ ಥರ್ಮೋಕೋಲಿನ ಮೇಲೆ ಐದು ಮೂಲೆಗಳನ್ನೂ ಎಳೆದು ಗುಂಡುಸೂಜಿ ಚುಚ್ಚಬೇಕು. ಆ ಸೂಜಿಗಳು ತುಕ್ಕು ಹಿಡಿಯದ ಸ್ಟೀಲಿನವೇ ಆಗಿರಬೇಕೆಂಬುದನ್ನು ಕಡಲ ಬದಿಯವರು ಗಟ್ಟಿಯಾಗಿ ನೆನಪಿಡಬೇಕು, ಏಕೆಂದರೆ ಒದ್ದೆ ದಾರದಲ್ಲಿ ಒಂದು ರಾತ್ರಿ ಕಳೆದರೂ ಸಾಮಾನ್ಯ ಸೂಜಿ ಕಂದು ಕಲೆ ಬಿಡಬಹುದು, ಮತ್ತು ತುಕ್ಕಿನ ಕಲೆ ಸಾಬೂನಿಗೆ ಹೋಗುವುದಿಲ್ಲ.

ಕ್ರಿಸ್ಮಸ್ ಮರವಾಗಿ ನಿಲ್ಲಿಸಿದ ಗಾಳಿಮರದ ಗೆಲ್ಲಿಗೆ ಈ ನಕ್ಷತ್ರಗಳನ್ನು ಕಟ್ಟಿದ್ದನ್ನು ನೋಡಿ ಕೊಳ್ಳಲು ಕೇಳುವವರೂ ಇರುತ್ತಾರೆ. ಅಂಥವರಿಗೆ ನಾನು ಆಂಧ್ರದ ನರಸಾಪುರದ ಮಾತು ಹೇಳುತ್ತೇನೆ: 2024ರಲ್ಲಿ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಅಲ್ಲಿನ ಕ್ರೋಶಾ ಲೇಸನ್ನು ಹೆಂಗಸರು ಇಂದಿಗೂ ಕೈಯಲ್ಲೇ ಹೆಣೆಯುತ್ತಾರೆ. ಇಷ್ಟು ಕೈದುಡಿಮೆ ಇರುವ ಕ್ರೋಶಾ ಕೊಳ್ಳುವಾಗ ದಯವಿಟ್ಟು ಚೌಕಾಶಿ ಮಾಡಬೇಡಿ.

ಜನವರಿ 6ರ ಮೂರು ರಾಯರ (ನಕ್ಷತ್ರ ನೋಡಿ ಬಂದ ಆ ಜ್ಞಾನಿಗಳ) ಹಬ್ಬ ಕಳೆದ ಮೇಲೆ ಗಂಜಿ ಸಮೇತ ಎತ್ತಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಇರುವೆ ಜಿರಲೆಗಳೂ ಬಿಡುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಂಜಿ ಪೂರ್ತಿ ಬಿಡುವವರೆಗೆ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮೆತ್ತಗಿರುವಾಗಲೇ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಮುಂದಿನ ಡಿಸೆಂಬರಿನಲ್ಲಿ ಗಂಜಿ ಮಾತ್ರ ಹೊಸದಾಗಿ ಕಾಸಿದರಾಯಿತು.