ಫೋರ್ಟೆವಿಯಟ್ ಹೊಲದ ಕೆಳಗೆ

ಸ್ಕಾಟ್ಲೆಂಡಿನ ಪರ್ತ್ ಹತ್ತಿರದ ಫೋರ್ಟೆವಿಯಟ್‌ನಲ್ಲಿ ಕಣ್ಣಿಗೆ ಬೀಳುವುದು ಬರೀ ಹೊಲ. ಆದರೂ ನನಗೆ ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ. 4,500 ವರ್ಷಕ್ಕೂ ಹಿಂದೆ ಇಲ್ಲಿ ದಪ್ಪ ಓಕ್ ಕಂಬಗಳನ್ನು ನೆಟ್ಟು, 250 ಮೀಟರಿಗೂ ಜಾಸ್ತಿ ಅಗಲದ ಆವರಣ ಕಟ್ಟಿದ್ದರು. ಅದರೊಳಗೆ ಆಮೇಲೆ ಮಾಡಿದ ಒಂದು ಗೋರಿಯನ್ನು 2009ರಲ್ಲಿ ತೆರೆದರು. ಮುಚ್ಚಿದ್ದ ಕಲ್ಲೇ ಸುಮಾರು 4 ಟನ್. ಕೆಳಗೆ ಬರ್ಚ್ ತೊಗಟೆ, ಚಿನ್ನದ ಪಟ್ಟಿ ಇದ್ದ ಕಂಚಿನ ಬಾಕು, ಜೊತೆಗೆ ಹೂವು! ಮೆಡೋಸ್ವೀಟ್ ಹೂವು. ಸತ್ತವರಿಗೆ ಹೂವಿಡುವುದು ಎಷ್ಟು ಹಳೆಯದು ಅಲ್ವಾ?

ಅದಾಗಿ 2,000 ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಪಿಕ್ಟ್ ಜನ (ಉತ್ತರ ಸ್ಕಾಟ್ಲೆಂಡಿನ ಹಳೆಯ ಜನಾಂಗ) ಇಲ್ಲೇ ಸ್ಮಶಾನ ಮಾಡಿಕೊಂಡರು. ಸುತ್ತ ಚೌಕವಾಗಿ, ದುಂಡಾಗಿ ಅಗೆದು ಸಮಾಧಿಯ ಮೇಲೆ ದಿಬ್ಬ ಹಾಕಿದರು. ಕಂಬಗಳು ಎಂದೋ ಕೊಳೆತಿದ್ದವು. ಆದರೂ ಇದು ಹಳಬರ ಜಾಗ ಅಂತ ಅವರು ಗುರುತಿಸಿಯೇ ಬಂದಿದ್ದರು ಎಂದು ನಾನು ನಂಬುತ್ತೇನೆ. ಮುಂದೆ ಇಲ್ಲಿ ಅರಮನೆಯೂ ಬಂತು. ಪಿಕ್ಟರ ರಾಜ ಕೆನೆತ್ ಮ್ಯಾಕ್‌ಆಲ್ಪಿನ್ ಕ್ರಿ.ಶ. 858ರಲ್ಲಿ ತೀರಿಕೊಂಡಿದ್ದು ಅದರಲ್ಲೇ.